ಕೋಲಿನ ಖಾಲಿ ತುದಿ

೩ ಫೆಬ್ರವರಿ

ಪ್ರೀತಿಯ ಇಂಚುಪಟ್ಟಿಗೆ,

ನಿಮ್ಮಣ್ಣ ಇಟ್ಟ ಅಡ್ಡಹೆಸರು ಹಿಡಿದು ಕರೆಯುತ್ತಿದ್ದೇನೆ ಎಂದರೆ ನಿನ್ನಿಂದ ನನಗೆ ಏನೋ ಕೆಲಸ ಆಗಬೇಕಿದೆ ಎಂದು ಇಷ್ಟು ಹೊತ್ತಿಗೆ ನಿನಗೆ ಗೊತ್ತಾಗಿರುತ್ತದೆ. ಆಗಬೇಕಿದೆ. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ನಮ್ಮ ಮನೆ ನಾವೇ ಕಟ್ಟಿದ್ದು, ಮರದ ಚೌಕಟ್ಟು, ಎರಡು ಕಡೆ ಹಲಗೆ. ಅಡುಗೆಮನೆಯಲ್ಲಿ ಪಿಸುಗುಟ್ಟಿದರೆ ಹಜಾರದಲ್ಲಿ ಕೂತವರು ಉತ್ತರ ಕೊಡುತ್ತಾರೆ. ಶೆಡ್ಡಿನಲ್ಲಿ ಮಾತಾಡೋಣವೆಂದರೆ ದಿನವಿಡೀ ಗರಗಸದ ಸದ್ದು. ಈ ಸಂಗತಿ ಇವರ ಕಿವಿಗೆ ಈಗಲೇ ಬೀಳಬಾರದು, ಅದಕ್ಕೇ ಕಾಗದ.

ಹದಿನೆಂಟು ಮನೆಗಳ ಕೆಲಸ ಬಂದಿದೆ. ಒಂದು ಆಸ್ಪತ್ರೆಯವರು ತಮ್ಮ ದಾದಿಯರಿಗಾಗಿ ಕಟ್ಟಿಸುತ್ತಿದ್ದಾರೆ. ಗೋಡೆಗಳನ್ನೆಲ್ಲ ನಮ್ಮ ಶೆಡ್ಡಿನಲ್ಲೇ ಕಟ್ಟಿ, ಲಾರಿಯಲ್ಲಿ ಒಯ್ದು, ಅಲ್ಲಿ ನಿಲ್ಲಿಸಿ ಜೋಡಿಸುವುದು. ನಾವು ಮಾಡುತ್ತ ಬಂದದ್ದೇ. ಆದರೆ ಅವರ ಇಂಜಿನಿಯರ್ ಒಂದು ಷರತ್ತು ಹಾಕಿದ್ದಾನೆ. ಪ್ರತಿ ಗೋಡೆಯ ನಕ್ಷೆ ಕಂಪ್ಯೂಟರಿನಿಂದ ಬರಬೇಕು, ಮಾರ್ಚ್ ಕೊನೆಯೊಳಗೆ ಅವನ ಮೇಜಿನ ಮೇಲಿರಬೇಕು. ನಮ್ಮಲ್ಲಿ ನಕ್ಷೆ ಎಲ್ಲಿದೆ? ನಿಮ್ಮಣ್ಣನ ಗುರುತುಕೋಲುಗಳಿವೆ. ಒಂದು ಗೋಡೆಗೆ ಒಂದು ಕೋಲು, ಗೋಡೆಯಷ್ಟೇ ಉದ್ದ. ನಿಲ್ಲಿಸುವ ಮರದ ಪಟ್ಟಿ ಎಲ್ಲಿ ಬರಬೇಕು, ಕಿಟಕಿ ಎಲ್ಲಿ, ಬಾಗಿಲು ಎಲ್ಲಿ ಎಂದು ಅದರ ಮೇಲೆ ಪೆನ್ಸಿಲ್ ಗೆರೆ. ಕೋಲನ್ನು ಮೇಜಿನ ಮೇಲಿಟ್ಟು ಮೇಸ್ತ್ರಿ ಕಟ್ಟುತ್ತಾ ಹೋಗುತ್ತಾನೆ. ಮೊದಲ ಮನೆಯ ಆರು ಗೋಡೆಗೆ ಕೋಲು ಆಗಲೇ ಮಾಡಿಟ್ಟಿದ್ದಾರೆ. ಈ ಇಂಜಿನಿಯರನಿಗೆ ಹದಿನೆಂಟು ಮನೆಯ ಕೋಲುಗಳನ್ನು ಲಾರಿಯಲ್ಲಿ ತುಂಬಿ ಕಳಿಸಲೇ?

ಎರಡು ಸಾಫ್ಟ್‌ವೇರ್ ನೋಡಿದ್ದೇನೆ. ಒಂದರ ಗುರುತು ಹಸಿರು, ಇನ್ನೊಂದರದು ನೀಲಿ. ಹೆಸರುಗಳು ನನ್ನ ನಾಲಿಗೆಗೆ ಹೊರಳುವುದಿಲ್ಲ, ಹಸಿರು, ನೀಲಿ ಎಂದೇ ಇಟ್ಟುಕೋ. ಹಸಿರಿನವನು ಇಡೀ ಮನೆಯನ್ನು ತೆರೆಯ ಮೇಲೆ ಬಣ್ಣಬಣ್ಣವಾಗಿ ತೋರಿಸುತ್ತಾನೆ. ನೀಲಿಯಲ್ಲಿ ಚಂದವೇನೂ ಇಲ್ಲ, ಯಾವ ಪಟ್ಟಿಯನ್ನು ಎಷ್ಟುದ್ದ ಕತ್ತರಿಸಬೇಕು ಎಂಬ ಯಾದಿ ಮಾತ್ರ ಸೊಗಸಾಗಿ ಕೊಡುತ್ತದಂತೆ. ನೀನು ಆ ಊರಿನಲ್ಲಿ ಹನ್ನೊಂದು ವರ್ಷದಿಂದ ನಕ್ಷೆ ಬರೆಯುವ ಕೆಲಸದಲ್ಲೇ ಇದ್ದೀಯ. ಯಾವುದು ಎಂದು ಹೇಳು.

ನನ್ನ ಭಯ ಸಾಫ್ಟ್‌ವೇರಿನದಲ್ಲ. ಇದನ್ನು ಕೊಂಡರೆ ನಿಮ್ಮಣ್ಣ ಶೆಡ್ಡಿಗೆ ಕಾಲಿಡುವುದಿಲ್ಲ. ಕೊಳ್ಳದಿದ್ದರೆ ಕಾಲಿಡಲು ಶೆಡ್ಡೇ ಇರುವುದಿಲ್ಲ. ಮೂವತ್ತು ವರ್ಷ ಕೋಲು ಹಿಡಿದ ಮನುಷ್ಯನಿಗೆ ನಾಳೆಯಿಂದ ಕೋಲು ಬೇಡ ಎಂದು ಯಾವ ಬಾಯಲ್ಲಿ ಹೇಳಲಿ?

ನಿನ್ನ ಅತ್ತಿಗೆ

೯ ಫೆಬ್ರವರಿ

ಅತ್ತಿಗೆ,

ಕಾಗದ ಕೈಗೆ ಬಂದಾಗ ನಮ್ಮ ಕಚೇರಿಯಲ್ಲಿ ಎಲ್ಲರೂ ಸುತ್ತ ನೆರೆದರು. ಅಂಚೆಯಲ್ಲಿ ಕಾಗದ ಬರುವುದು ಇಲ್ಲಿ ನನಗೊಬ್ಬಳಿಗೇ. ಯಾರದೋ ಮದುವೆ ಪ್ರಸ್ತಾಪ ಎಂದು ಒಬ್ಬಳು ಹೇಳಿದಳು. ಮರದ ಗೋಡೆಯ ಪ್ರಸ್ತಾಪ ಎಂದೆ.

ನಿಮ್ಮ ಪ್ರಶ್ನೆಗೆ ಉತ್ತರ ಒಂದೇ ಮಾತಿನಲ್ಲಿ ಬರುವುದಿಲ್ಲ. ತೆರೆಯ ಮೇಲೆ ಮನೆ ಚಂದ ಕಾಣುವುದು ಗಿರಾಕಿಗೆ ಬೇಕು, ಕತ್ತರಿಸುವ ಯಾದಿ ಮೇಸ್ತ್ರಿಗೆ ಬೇಕು, ನಕ್ಷೆ ಆ ಇಂಜಿನಿಯರನಿಗೆ ಬೇಕು. ಯಾವುದು ಯಾರನ್ನು ಸುಮ್ಮನಾಗಿಸುತ್ತದೆ ಎಂದು ನೋಡಬೇಕು. ಎರಡೂ ಕಂಪನಿಯವರು ನಲವತ್ತೈದು ದಿನ ಬಳಸಿ ನೋಡಲು ಕೊಡುತ್ತಾರೆ. ನೀವು ಶೆಡ್ಡಿನಲ್ಲಿ ಹಸಿರನ್ನು ಹಾಕಿಸಿಕೊಳ್ಳಿ. ನೀಲಿಯನ್ನು ನಾನಿಲ್ಲಿ ಹಾಕಿಕೊಳ್ಳುತ್ತೇನೆ. ಅಣ್ಣ ಮೊದಲ ಮನೆಯ ಆರು ಗೋಡೆಗಳ ಕೋಲು ಮಾಡಿದ್ದಾನಲ್ಲ, ಅದರ ಗೆರೆಗಳನ್ನು ಅಳೆದು ಹಸಿರಿಗೆ ತುಂಬಿ, ಅದೇ ಅಳತೆಗಳನ್ನು ನನಗೂ ಬರೆದು ಕಳಿಸಿ. ಒಂದೇ ಮನೆಯನ್ನು ಎರಡೂ ಕಡೆ ಕಟ್ಟಿ ನೋಡೋಣ. ಎರಡೂ ಒಂದೇ ಥರ ಬರಬೇಕು. ಆಮೇಲೆ ಯಾವುದು ಸಲೀಸು ಎಂದು ನೋಡಿದರಾಯಿತು.

ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಇದನ್ನು ಅಣ್ಣನಿಗೆ ನೀವೇ ಮೊದಲು ಹೇಳಿಬಿಡಿ. ಬೇರೆಯವರ ಬಾಯಿಂದ ಕೇಳಿದರೆ ಅವನಿಗೆ ತುಂಬಾ ನೋವಾಗುತ್ತದೆ. ಅವನು ಹೊರಗೆ ಒರಟ, ಒಳಗೆ ಹಾಗಿಲ್ಲ. ನಿಮಗೆ ಗೊತ್ತಿಲ್ಲದ್ದೇನಲ್ಲ.

ನಿಮ್ಮ ಇಂಚುಪಟ್ಟಿ

೨೦ ಫೆಬ್ರವರಿ

ಪುಟ್ಟೀ,

ನೀನು ಹೇಳಿದ ಬುದ್ಧಿಮಾತು ಬರುವುದರೊಳಗೆ ಕೆಲಸ ಕೆಟ್ಟಿತ್ತು. ಹಸಿರಿನ ಮಾರಾಟದವನು, ಟೈ ಕಟ್ಟಿಕೊಂಡವನು, ಮುಂಚೆ ತಿಳಿಸದೆ ಶೆಡ್ಡಿಗೇ ಬಂದುಬಿಟ್ಟ. ನಿಮ್ಮಣ್ಣನ ಮುಂದೆಯೇ ಲ್ಯಾಪ್‌ಟಾಪ್ ಬಿಚ್ಚಿಟ್ಟು, "ಇನ್ಮೇಲೆ ಈ ಕೋಲುಗಳ ತಾಪತ್ರಯ ಇರಲ್ಲ ಸಾರ್" ಎಂದ. ಇವರು ನಕ್ಕರು. "ಒಳ್ಳೇದಾಯ್ತು ಬಿಡಿ, ಒಲೆಗೆ ಸೌದೆ ಆಯ್ತು" ಎಂದರು. ಅಷ್ಟೇ. ಅವತ್ತಿನಿಂದ ನನ್ನ ಜೊತೆ ಮಾತು ಕಡಿಮೆ. ಕೂಗಿದರೆ ಒಂದೊಂದು ಸಲ ಓಗೊಡುವುದಿಲ್ಲ. ಊಟಕ್ಕೆ ಬಡಿಸಿದರೆ ತಟ್ಟೆಯಲ್ಲಿ ಅರ್ಧ ಹಾಗೇ ಬಿಟ್ಟು ಏಳುತ್ತಾರೆ. "ಇನ್ನಷ್ಟು ಹಾಕು" ಎಂದೂ ಕೇಳುತ್ತಾರೆ, ತಟ್ಟೆಯಲ್ಲಿ ಇರುವಾಗಲೇ. ಇದು ಯಾವ ಸೀಮೆಯ ಮುನಿಸೋ ನನಗೆ ತಿಳಿಯದು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಇವರು ಊಟದ ಮೇಲೆ ಸಿಟ್ಟು ತೋರಿಸಿದವರಲ್ಲ.

ಇರಲಿ. ಆರು ಕೋಲುಗಳನ್ನು ನಾನೇ ಅಳೆದು ಹಸಿರಿಗೆ ತುಂಬಿದೆ, ಎರಡು ದಿನ ಹಿಡಿಯಿತು. ಅಳತೆಯ ಹಾಳೆಯನ್ನೂ ಹಸಿರು ಮುದ್ರಿಸಿ ಕೊಟ್ಟ ಹಾಳೆಯನ್ನೂ ನಿನಗೆ ಇದರ ಜೊತೆ ಇಟ್ಟಿದ್ದೇನೆ. ಈಗ ನನ್ನ ತಲೆ ಕೆಟ್ಟಿರುವುದು ಇಲ್ಲಿ. ಹಸಿರು ತೋರಿಸುವ ಪ್ರತಿ ಗೋಡೆಯಲ್ಲೂ ಬಲಗಡೆಯ ಕೊನೆಗೆ ನಿಲ್ಲಿಸುವ ಪಟ್ಟಿಗಳೇ ಇಲ್ಲ. ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ, ನಡುವೆ ಮೂರು ನಾಲ್ಕು ಅಡಿ ಬರೀ ಗಾಳಿ. ಆ ಜಾಗವೆಲ್ಲ ಕೆಂಪಗೆ ಮಿನುಗುತ್ತದೆ. ಮಾರಾಟದವನಿಗೆ ಕೇಳಿದರೆ, "ಅದು ಬರೀ ಸೂಚನೆ ಮೇಡಂ, ಆಫ್ ಮಾಡ್ಕೊಳ್ಳಿ" ಎನ್ನುತ್ತಾನೆ. ಆಫ್ ಮಾಡಿದೆ. ಕೆಂಪು ಹೋಯಿತು, ಗಾಳಿ ಹೋಗಲಿಲ್ಲ.

ನಿನ್ನ ನೀಲಿ ಏನು ಹೇಳುತ್ತದೆ ಬೇಗ ಬರೆ.

ಅತ್ತಿಗೆ

೨೭ ಫೆಬ್ರವರಿ

ಅತ್ತಿಗೆ,

ಮೂರು ಸಲ ತುಂಬಿದೆ. ಮೂರು ಸಲವೂ ಪಟ್ಟಿಗಳು ಇಲ್ಲ. ಆದರೆ ನನಗೆ ಇಲ್ಲದಿರುವುದು ಎಡಗಡೆಯಲ್ಲಿ. ನೀವು ಬಲಗಡೆ ಎಂದಿರಿ. ನಾಲ್ಕನೇ ಗೋಡೆಯ ಬಾಗಿಲು ನಿಮ್ಮ ಮುದ್ರಿತ ಹಾಳೆಯಲ್ಲಿ ಎಡಕ್ಕಿದೆ, ನನ್ನ ತೆರೆಯಲ್ಲಿ ಬಲಕ್ಕಿದೆ. ಅಳತೆ ಅದೇ, ಮನೆ ಅದೇ, ಬಾಗಿಲು ಮಾತ್ರ ಆ ಕಡೆಯಿಂದ ಈ ಕಡೆಗೆ ನಡೆದು ಬಂದಿದೆ. ನಮ್ಮ ಕಚೇರಿಯ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಇದರಲ್ಲಿ ಒಂದು ಸುಳ್ಳು ಹೇಳ್ತಿದೆ" ಎಂದರು. ಯಾವುದು ಎಂದು ಕೇಳಿದ್ದಕ್ಕೆ ಊಟಕ್ಕೆ ಹೋದರು.

ನನ್ನ ಅನುಮಾನ ಹೇಳಿಬಿಡುತ್ತೇನೆ. ಅಳತೆ ಬರೆದುಕೊಳ್ಳುವಾಗ ನಿಮ್ಮಿಂದ ಕೆಲವು ಗೆರೆ ಬಿಟ್ಟುಹೋಗಿರಬಹುದು. ನಿಮಗೆ ಶೆಡ್ಡಿನ ನೂರು ಕೆಲಸ. ಅಣ್ಣನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಇನ್ನೊಮ್ಮೆ ಅಳೆದರೆ ಇದು ಅರ್ಧ ಗಂಟೆಯ ಕೆಲಸ. ಅವನ ಮುನಿಸೂ ಹೋಗಬಹುದು. ಅವನಿಗೆ ಬೇಕಿರುವುದು ಅಷ್ಟೇ ಎಂದು ನನಗೆ ಅನಿಸುತ್ತದೆ. ತನ್ನನ್ನು ಒಂದು ಮಾತು ಕೇಳಲಿ ಎಂದು.

ನಿಮ್ಮ ಇಂಚುಪಟ್ಟಿ

೮ ಮಾರ್ಚ್

ಪುಟ್ಟೀ,

ನನ್ನಿಂದ ಒಂದು ಗೆರೆಯೂ ಬಿಟ್ಟುಹೋಗಿಲ್ಲ. ನಿನ್ನ ಕಾಗದ ಬಂದ ದಿನವೇ ಆರೂ ಕೋಲುಗಳನ್ನು ಕಿಟಕಿಯ ಬೆಳಕಿಗೆ ತಂದು ಬೆರಳಿಟ್ಟು ನೋಡಿದೆ. ಕೋಲಿನ ಒಂದು ತುದಿಯಲ್ಲಿ ಗೆರೆಗಳೇ ಇಲ್ಲ. ಅಳಿಸಿದ್ದಲ್ಲ, ಹಾಕಿಯೇ ಇಲ್ಲ. ಆರಕ್ಕೆ ಆರೂ ಹಾಗೆಯೇ.

ನೀನು ಹೇಳಿದಂತೆ ಇವರನ್ನೇ ಕೇಳಿದೆ. ಕೋಲು ಮುಂದೆ ಹಿಡಿದು, "ಇಲ್ಲಿ ಪಟ್ಟಿ ಬೇಡ್ವಾ?" ಎಂದೆ. ನೋಡಿದರು. "ಎಲ್ಲಾ ಇದೆಯಲ್ಲ. ಕೋಲು ಸರಿಯಾಗೇ ಇದೆ, ಓದೋಕೆ ಬರ್ಬೇಕು ಅಷ್ಟೆ" ಎಂದರು. ಅಷ್ಟು ತಣ್ಣಗೆ ಹೇಳಿದರು, ನನಗೆ ಮೈಯೆಲ್ಲ ಉರಿದುಹೋಯಿತು. ಕಣ್ಣೆದುರಿಗೆ ಖಾಲಿ ಕೋಲು ಹಿಡಿದಿದ್ದೇನೆ, ಎಲ್ಲ ಇದೆ ಎನ್ನುತ್ತಾರೆ.

ಈಗ ನನಗೆ ಅರ್ಥವಾಗಿದೆ. ಬೇಕೆಂದೇ ಮಾಡುತ್ತಿದ್ದಾರೆ. ಗೋಡೆಯ ಒಂದು ತುದಿಯನ್ನು ತಮ್ಮ ತಲೆಯಲ್ಲೇ ಇಟ್ಟುಕೊಂಡು, ಯಂತ್ರ ಅದೇನು ಮಾಡುತ್ತದೋ ಮಾಡಲಿ ಎಂದು ನೋಡುತ್ತಿದ್ದಾರೆ. ಮೇಸ್ತ್ರಿಯನ್ನು ಕರೆದು ಕೇಳಿದೆ. ಅವನು ನೆಲ ನೋಡಿದ. "ಜನವರಿಯಿಂದ ಹಿಂಗೇ ಅಕ್ಕಾ. ನಾನೇ ತುಂಬ್ಕೊಂತಿದ್ದೆ. ಯಜಮಾನ್ರಿಗೆ ಹೇಳೋದು ಹೆಂಗೆ?" ಎಂದ. ನೋಡು, ಯಾವಾಗಿನಿಂದ ನಡೆದಿದೆ. ಮಾರಾಟದವನು ಬರುವ ಮುಂಚಿನಿಂದಲೇ. ನಾನು ಸಾಫ್ಟ್‌ವೇರ್ ಹುಡುಕುತ್ತಿರುವುದು ಇವರಿಗೆ ಆಗಲೇ ಗೊತ್ತಿತ್ತು ಎಂದಾಯಿತಲ್ಲ. ಹೇಗೆ ಗೊತ್ತಾಯಿತು? ಮರದ ಗೋಡೆಗೆ ಕಿವಿಯಿದೆಯೋ, ಅಥವಾ ಯಾರಾದರೂ ಹೇಳಿದರೋ?

ಮನೆಯಲ್ಲಿ ಓಡಾಡುವುದೂ ಹಾಗೇ ಆಗಿದೆ. ಬಾಗಿಲು ದಾಟುವಾಗ ಭುಜ ಬಡಿದುಕೊಂಡು, ನನ್ನನ್ನು ಮೈಗೆ ತಾಗಿಸಿಕೊಂಡು, ಕ್ಷಮಿಸು ಎನ್ನದೆ ಹೋಗುತ್ತಾರೆ. ನಾನು ಎನ್ನುವವಳು ಈ ಮನೆಯಲ್ಲಿ ಇದ್ದೇನೋ ಇಲ್ಲವೋ ಎನ್ನುವ ಹಾಗೆ.

ಹಸಿರಿನವನು ಒಂದು ಉಪಾಯ ಹೇಳಿದ್ದಾನೆ. ಕೋಲೇ ಬೇಡ, ಮನೆಯ ಅಳತೆ ಕೊಟ್ಟರೆ ಸಾಫ್ಟ್‌ವೇರೇ ಪಟ್ಟಿಗಳನ್ನು ನಿಲ್ಲಿಸಿಕೊಳ್ಳುತ್ತದಂತೆ. ಹಾಗೇ ಮಾಡಿಬಿಡಲೇ ಎನಿಸುತ್ತಿದೆ. ಆದರೆ ಆಮೇಲೆ ಇವರಿಗೆ ಶೆಡ್ಡಿನಲ್ಲಿ ಏನು ಕೆಲಸ ಉಳಿಯಿತು? ಸಿಟ್ಟಿನಲ್ಲಿ ಇದ್ದಾಗಲೂ ಆ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಅತ್ತಿಗೆ

೧೨ ಮಾರ್ಚ್

ಅತ್ತಿಗೆ,

ಅಣ್ಣ ಬೇಕೆಂದು ಒಂದು ಗೆರೆ ಬಿಡುವವನಲ್ಲ. ನೀವು ಅವನ ಹೆಂಡತಿ, ಒಪ್ಪಿದೆ. ನಾನು ಅವನ ಕೋಲು ಹಿಡಿದುಕೊಂಡು ಬೆಳೆದವಳು. ನನಗೆ ಏಳು ವರ್ಷವಾಗಿದ್ದಾಗ ಒಂದು ಗೆರೆ ಕಾಲಿಂಚು ಆಚೆ ಹಾಕಿದ್ದಕ್ಕೆ ಇಡೀ ಕೋಲನ್ನು ಮುರಿದು ಹೊಸದು ಮಾಡಿದ ಮನುಷ್ಯ ಅವನು. ಸಿಟ್ಟು ಬಂದರೆ ಅವನು ಬೈಯುತ್ತಾನೆ, ಕೆಲಸ ಕೆಡಿಸುವುದಿಲ್ಲ. ಅವನು ಎಲ್ಲ ಇದೆ ಎಂದರೆ ಎಲ್ಲೋ ಇರಲೇಬೇಕು. ನಾವಿಬ್ಬರೂ ನೋಡುವುದರಲ್ಲಿ ಎಡವುತ್ತಿದ್ದೇವೆ.

ಬೇಜಾರಾದರೂ ಹೇಳುತ್ತೇನೆ, ನಿಮ್ಮ ಕಾಗದದ ತುಂಬ ಅವನ ತಪ್ಪುಗಳೇ ಇವೆ. ಅವನು ಊಟ ಬಿಟ್ಟದ್ದು, ಮಾತು ಬಿಟ್ಟದ್ದು, ಭುಜ ತಾಗಿಸಿದ್ದು. ಅವನಿಗೆ ಹೇಗಾಗಿದೆ ಎಂದು ಒಂದು ಸಾಲೂ ಇಲ್ಲ.

ಆ ಆರು ಕೋಲುಗಳನ್ನು ನನಗೆ ಕಳಿಸಿ. ಈ ಊರಿಗೆ ಹಲಗೆ ತರಲು ನಿಮ್ಮ ಲಾರಿ ಬರುತ್ತದಲ್ಲ, ಅದರಲ್ಲಿ ಹಾಕಿದರೆ ಸಾಕು. ನಾನು ನೋಡದೆ ಯಾವ ಸಾಫ್ಟ್‌ವೇರಿಗೂ ಸಹಿ ಹಾಕಬೇಡಿ.

ಇಂಚುಪಟ್ಟಿ

೧೭ ಮಾರ್ಚ್

ತಂಗೀ,

ಯಾರಾದರೂ ಹೇಳಿದರೋ ಎಂದು ಹೋದ ಕಾಗದದಲ್ಲಿ ಕೇಳಿದ್ದೆ. ನೀನು ಅದಕ್ಕೆ ಉತ್ತರ ಕೊಡಲಿಲ್ಲ. ಈಗ ಕೊಡಬೇಕಾಗಿಲ್ಲ, ಸಿಕ್ಕಿದೆ. ನಿನ್ನೆ ಇವರ ಮೇಜು ಒರೆಸುವಾಗ ಎಡಗಡೆಯ ಮೂಲೆಯಲ್ಲಿ, ಅಂಟಿನ ಡಬ್ಬಿಗೆ ಒರಗಿಕೊಂಡು, ನೀನು ನಿಮ್ಮಣ್ಣನಿಗೆ ಬೇರೆಯಾಗಿ ಬರೆದ ಕಾಗದ ನಿಂತಿತ್ತು. ಮಾರ್ಚ್ ಒಂದನೇ ತಾರೀಕಿನದು. ಅಂಚೆಯವನಿಂದ ಇಸಕೊಂಡು ಮೇಸ್ತ್ರಿ ಅಲ್ಲಿ ಇಟ್ಟಿದ್ದನಂತೆ. ಒಡೆದಿರಲಿಲ್ಲ. ನಾನು ಒಡೆದೆ. ಒಡೆಯಬಾರದಿತ್ತು, ಆದರೂ ಒಡೆದೆ.

"ಅತ್ತಿಗೆ ನಿನ್ನನ್ನು ಪಕ್ಕಕ್ಕೆ ಸರಿಸುತ್ತಿದ್ದಾರೆ ಎಂದು ನನಗೆ ಭಯವಾಗುತ್ತಿದೆ, ನೀನು ಸುಮ್ಮನಿರಬೇಡ" ಎಂದು ಬರೆದಿದ್ದೀಯ. ನನಗೆ ಬರೆಯುವಾಗ ಒಂದು ಬಾಯಿ, ಅವರಿಗೆ ಬರೆಯುವಾಗ ಇನ್ನೊಂದು. ನಾನು ನಿನ್ನನ್ನು ನಂಬಿ ಹೊಟ್ಟೆಯೊಳಗಿನದೆಲ್ಲ ಬರೆದೆ. ನೀನು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು ನಿಮ್ಮಣ್ಣನ ಕಡೆ ನಡೆದೆ. ಅವರಾದರೋ ಹತ್ತು ದಿನ ಕಣ್ಣೆದುರಿಗಿದ್ದ ನಿನ್ನ ಕಾಗದವನ್ನೂ ಒಡೆದು ನೋಡಲಿಲ್ಲ. ನಿನ್ನ ಮೇಲೂ ಮುನಿಸು ಎಂದಾಯಿತು. ಅಷ್ಟರ ಮಟ್ಟಿಗೆ ನಾವಿಬ್ಬರೂ ಒಂದೇ.

ನಿನಗೆ ಹೇಳದೆ ಇದ್ದದ್ದು ನನ್ನಲ್ಲೂ ಒಂದಿದೆ. ಹತ್ತನೇ ತಾರೀಕು ಮೇಸ್ತ್ರಿ ರಜೆಯಲ್ಲಿದ್ದ. ಉಳಿದ ಕೆಲಸದವರು ಕೋಲಿನಲ್ಲಿ ಇದ್ದಂತೆಯೇ ಒಂದು ಗೋಡೆ ಕಟ್ಟಿದರು. ಎತ್ತುವಾಗ ಅದರ ತುದಿ ಮಡಚಿಕೊಂಡು ಕೆಳಗೆ ಬಂತು. ಇಬ್ಬರು ಹಾರಿ ಪಾರಾದರು. ಇವರು ಅಲ್ಲೇ ನಿಂತಿದ್ದರು. ಮುರಿದ ಜಾಗವನ್ನು ನೋಡದೆ, ಗಟ್ಟಿಯಾಗಿದ್ದ ಕಡೆ ಹೋಗಿ ಕೈಯಾಡಿಸಿ, "ಯಾಕೆ ಬಿತ್ತು? ಸರಿಯಾಗೇ ಇದೆಯಲ್ಲ" ಎಂದರು. ಅಂಥ ನಟನೆ ನಾನು ಯಾರಲ್ಲೂ ನೋಡಿಲ್ಲ. ಅಲ್ಲಿಗೆ ನನ್ನ ಮನಸ್ಸು ಮುರಿಯಿತು.

ಇಪ್ಪತ್ತೈದನೇ ತಾರೀಕು ಹಸಿರಿಗೆ ಸಹಿ ಹಾಕುತ್ತೇನೆ. ನೀನು ಕೇಳಿದ ಕೋಲುಗಳನ್ನು ಕಳಿಸಿದ್ದೇನೆ, ನಿನ್ನ ಹತ್ತಿರವೇ ಇಟ್ಟುಕೋ. ಕಟ್ಟಿನ ಮೇಲಿನ ವಿಳಾಸ ನಿಮ್ಮಣ್ಣನೇ ಬರೆದದ್ದು. ಯಾಕೆ ಕಳಿಸುತ್ತಿದ್ದೇನೆ ಎಂದು ಕೇಳಲೂ ಇಲ್ಲ. ಇನ್ನು ಫೋನ್ ಮಾಡಬೇಡ, ನಾನು ಎತ್ತುವುದಿಲ್ಲ.

ಅತ್ತಿಗೆ

೨೧ ಮಾರ್ಚ್, ಬೆಳಿಗ್ಗೆ

ಅತ್ತಿಗೆ,

ಇದನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ. ಲಾರಿಯವರು ಕೆಳಗೆ ಕಾಯುತ್ತಿದ್ದಾರೆ. ನಿನ್ನೆಯಿಂದ ಹದಿನಾಲ್ಕು ಸಲ ಫೋನ್ ಮಾಡಿದೆ, ನೀವು ಹೇಳಿದ ಹಾಗೆಯೇ ಎತ್ತಲಿಲ್ಲ. ಶೆಡ್ಡಿನ ಫೋನ್ ಬರೀ ಹೊಡೆದುಕೊಳ್ಳುತ್ತದೆ. ಇದನ್ನು ನಿಮ್ಮ ಕೈಯಲ್ಲೇ ಕೊಟ್ಟು, ನೀವು ಓದುವವರೆಗೂ ಎದುರಿಗೇ ನಿಂತಿರಬೇಕೆಂದು ಅವರಿಗೆ ಹೇಳಿದ್ದೇನೆ. ನಾನು ಅಣ್ಣನಿಗೆ ಬರೆದದ್ದು ತಪ್ಪು. ಅದಕ್ಕೆ ಆಮೇಲೆ ಎಷ್ಟು ಬೇಕಾದರೂ ಬೈಯಿರಿ. ಈಗ ಇದನ್ನು ಓದಿ.

ಹಸಿರೂ ಸುಳ್ಳು ಹೇಳಿಲ್ಲ, ನೀಲಿಯೂ ಹೇಳಿಲ್ಲ. ನಿಮ್ಮ ಮುದ್ರಿತ ಹಾಳೆಯ ಕೆಳಮೂಲೆಯಲ್ಲಿ ಇರುವೆಯಂಥ ಅಕ್ಷರದಲ್ಲಿ ಒಂದು ಮಾತಿದೆ, ಹೊರಗಿನಿಂದ ನೋಡಿದಂತೆ ಎಂದು. ಹಸಿರು ಗೋಡೆಯನ್ನು ಬೀದಿಯಲ್ಲಿ ನಿಂತು ನೋಡುತ್ತದೆ. ನೀಲಿ ಕೋಣೆಯ ಒಳಗೆ ನಿಂತು ನೋಡುತ್ತದೆ. ಬೀದಿಯವನಿಗೆ ಬಲವಾದದ್ದು ಕೋಣೆಯವನಿಗೆ ಎಡ. ನಿಮ್ಮ ಬಲಗಡೆಯ ಖಾಲಿಯೂ ನನ್ನ ಎಡಗಡೆಯ ಖಾಲಿಯೂ ಒಂದೇ ಜಾಗ. ಒಂದು ತಿಂಗಳು ನಾವು ಜಗಳವಾಡಿದ್ದು ಒಂದೇ ತುದಿಯ ಬಗ್ಗೆ.

ಆಮೇಲೆ ಕೋಲುಗಳ ಕಟ್ಟು ಬಿಚ್ಚಿದೆ. ನನ್ನ ಕೋಣೆ ಸಾಲದೆ ಬಾಗಿಲು ತೆಗೆದು ಮೊಗಸಾಲೆಯವರೆಗೆ ಹಾಸಿದೆ. ಕೋಲಿಗೆ ಎಡಬಲ ಇಲ್ಲ, ಹೇಗೆ ಬೇಕಾದರೂ ಹಿಡಿಯಬಹುದು. ಆದರೆ ಅಣ್ಣ ಗೋಡೆಯ ಸಂಖ್ಯೆಯನ್ನು ಯಾವಾಗಲೂ ತನ್ನ ಬಲಗೈಯ ತುದಿಯಲ್ಲಿ, ತನಗೆ ನೆಟ್ಟಗೆ ಕಾಣುವಂತೆ ಬರೆಯುತ್ತಾನೆ. ಆರೂ ಸಂಖ್ಯೆಗಳನ್ನು ನೆಟ್ಟಗೆ ಬರುವಂತೆ ಇಟ್ಟು, ಅವನು ನಿಲ್ಲುವ ಜಾಗದಲ್ಲಿ ನಿಂತು ನೋಡಿದೆ. ಬಲತುದಿಯಲ್ಲಿ ಗೆರೆಗಳು ಕೂದಲಿನಷ್ಟೂ ಆಚೀಚೆ ಇಲ್ಲ. ನಡುವೆ ಬರುವಾಗ ವಿರಳ. ಎಡಗಡೆ ಏನೂ ಇಲ್ಲ. ಆರರಲ್ಲೂ.

ಕಟ್ಟಿನ ಮೇಲಿನ ವಿಳಾಸ ನೋಡಿದೆ. ಚೀಟಿ ನನ್ನ ಅಂಗೈಯಷ್ಟು ಅಗಲವಿದೆ. ಅಕ್ಷರಗಳೆಲ್ಲ ಬಲ ಅಂಚಿನಲ್ಲಿ ಒಂದರ ಮೇಲೊಂದು ತುರುಕಿಕೊಂಡಿವೆ. ಎಡ ಅರ್ಧ ಬಿಳಿ. ಯಂತ್ರದ ಮೇಲೆ ಸಿಟ್ಟಿದ್ದವನು ಚೀಟಿಯ ಮೇಲೆ ಯಾಕೆ ಸಿಟ್ಟು ತೋರಿಸುತ್ತಾನೆ?

ನಿಮ್ಮ ಕಾಗದಗಳನ್ನೆಲ್ಲ ಮತ್ತೆ ತೆಗೆದೆ. ಅವನು ತಟ್ಟೆಯಲ್ಲಿ ಅರ್ಧ ಬಿಡುತ್ತಾನೆ. ಯಾವ ಅರ್ಧ? ಬಾಗಿಲಿಗೆ ಭುಜ ಬಡಿಯುತ್ತಾನೆ. ಯಾವ ಭುಜ? ನನ್ನ ಕಾಗದ ಮೇಜಿನ ಎಡಮೂಲೆಯಲ್ಲಿತ್ತು ಎಂದು ನೀವೇ ಬರೆದಿದ್ದೀರಿ. ಅವನು ನನ್ನ ಮೇಲೆ ಮುನಿದಿರಲಿಲ್ಲ ಅತ್ತಿಗೆ. ಅವನಿಗೆ ಅದು ಕಾಣಲೇ ಇಲ್ಲ.

ಏನಾಗಿದೆ ಎಂದು ನನಗೆ ಗೊತ್ತಿಲ್ಲ. ಕಣ್ಣೋ, ತಲೆಯೋ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಿನಗೇನಾಗಿದೆ ಎಂದು ಅವನನ್ನು ಕೇಳಬೇಡಿ, ಏನೂ ಆಗಿಲ್ಲ ಎನ್ನುತ್ತಾನೆ. ಸುಮ್ಮನೆ ಹೊರಡಿಸಿ. ನನಗೆ ತುಂಬಾ ಭಯವಾಗುತ್ತಿದೆ.

ನಿಮ್ಮ ಇಂಚುಪಟ್ಟಿ

೨ ಏಪ್ರಿಲ್

ಪ್ರೀತಿಯ ಇಂಚುಪಟ್ಟಿಗೆ,

ಫೋನಿನಲ್ಲಿ ನಿನಗೆ ಅರ್ಧಂಬರ್ಧ ಹೇಳಿದ್ದೇನೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ಅದಕ್ಕಿಂತ ಹೆಚ್ಚು ಹೇಳಲು ಬಾಯಿ ಬರಲಿಲ್ಲ. ಮುಂದಿನ ವಾರ ನೀನು ಬರುವ ಮುಂಚೆ ಎಲ್ಲವನ್ನೂ ಬರೆದುಬಿಡುತ್ತೇನೆ, ಬಂದ ಮೇಲೆ ಅಳುತ್ತ ಕೂರುವುದು ಬೇಡ.

ಸಾಫ್ಟ್‌ವೇರಿನ ಮಾತನ್ನು ಮೊದಲು ಮುಗಿಸುತ್ತೇನೆ. ಉಳಿದದ್ದಕ್ಕೆ ಸ್ವಲ್ಪ ಧೈರ್ಯ ಬೇಕು. ನೀಲಿಯನ್ನು ತೆಗೆದುಕೊಂಡೆ. ಗಿರಾಕಿ, ಮೇಸ್ತ್ರಿ, ಇಂಜಿನಿಯರ್ ಎಂದು ನೀನು ಹೇಳಿದ ಲೆಕ್ಕದಲ್ಲಿ ನನ್ನ ಕಾರಣ ಇಲ್ಲ. ನೀಲಿಯಲ್ಲಿ ಒಂದು ಗುಂಡಿ ಒತ್ತಿದರೆ ಗೋಡೆ ಪೂರ್ತಿ ತಿರುಗಿ ನಿಲ್ಲುತ್ತದೆ, ಎಡಕ್ಕಿದ್ದದ್ದು ಬಲಕ್ಕೆ ಬರುತ್ತದೆ. ಹಸಿರು ಬೀದಿಯಿಂದ ಕದಲುವುದಿಲ್ಲ. ಪ್ರತಿ ಗೋಡೆಯನ್ನೂ ಎರಡು ಸಲ ನೋಡುವುದು, ಒಮ್ಮೆ ಹೀಗೆ, ಒಮ್ಮೆ ತಿರುಗಿಸಿ, ಅದು ಇನ್ನು ಇವರ ಕೆಲಸ. ಡಾಕ್ಟರೂ ಅಂಥದನ್ನೇ ಅಭ್ಯಾಸ ಮಾಡಿಸಿ ಎಂದರು. ಇಂಜಿನಿಯರ್ ಇಪ್ಪತ್ತು ದಿನ ಹೆಚ್ಚಿಗೆ ಕೊಟ್ಟಿದ್ದಾನೆ. ಆಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ.

ಜನವರಿಯಲ್ಲಿ ಒಂದು ದಿನ ಇವರು ಶೆಡ್ಡಿನಲ್ಲಿ ತಲೆ ಹಿಡಿದುಕೊಂಡು ಕೂತುಬಿಟ್ಟಿದ್ದರು. ಬಿಸಿಲಿಗೆ ಇರಬೇಕು ಎಂದು ನೀರು ಕೊಟ್ಟೆ. ಹತ್ತು ನಿಮಿಷದಲ್ಲಿ ಎದ್ದರು. ನಿನಗೆ ಬರೆಯುವಷ್ಟು ದೊಡ್ಡದು ಎನಿಸಲಿಲ್ಲ. ಮೆದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಅವತ್ತೇ ಇರಬೇಕು ಎನ್ನುತ್ತಾರೆ ಡಾಕ್ಟರ್. "ಕಣ್ಣು ಚೆನ್ನಾಗಿದೆಯಮ್ಮ. ಎಡಗಡೆ ಅಂತ ಒಂದು ಇದೆ ಅನ್ನೋದೇ ಅವರ ಮನಸ್ಸಿಗೆ ಬರ್ತಿಲ್ಲ. ಇಲ್ಲ ಅನ್ನೋದೂ ಗೊತ್ತಾಗಲ್ಲ" ಎಂದರು. ನನಗೆ ಇದು ಇನ್ನೂ ಅರ್ಥವಾಗಿಲ್ಲ. ಇಲ್ಲದ್ದು ಇಲ್ಲ ಎಂದು ಕಾಣುವುದಿಲ್ಲವೇ? ಮೂರು ಸಲ ಕೇಳಿದೆ. ಮೂರು ಸಲವೂ ಅವರು ತಾಳ್ಮೆಯಿಂದ ಹೇಳಿದರು, ಮೂರು ಸಲವೂ ನಾನು ತಲೆಯಾಡಿಸಿದೆ.

ಡಾಕ್ಟರ್ ಇವರ ಕೈಗೆ ಹಾಳೆ ಕೊಟ್ಟು ಒಂದು ಮನೆ ಬರೆಯಿರಿ ಎಂದರು. ಇವರಿಗೆ ನಗು. "ಅದನ್ನೇ ತಾನೆ ಮೂವತ್ತು ವರ್ಷ ಮಾಡಿದ್ದು" ಎಂದು ಬರೆದರು. ಅರ್ಧ ಚಾವಣಿ, ಒಂದು ಗೋಡೆ, ಒಂದು ಕಿಟಕಿ, ಬಾಗಿಲಿನ ಅರ್ಧ. ಪೆನ್ಸಿಲ್ ಕೆಳಗಿಟ್ಟರು. "ಆಯ್ತಾ?" ಎಂದರು ಡಾಕ್ಟರ್. "ಆಯ್ತು" ಎಂದರು. ನಾನು ನಟನೆ ಎಂದು ನಿನಗೆ ಬರೆದಿದ್ದೆ, ನೆನಪಿದೆಯಲ್ಲ. ಆ ಕಾಗದ ನಿನ್ನ ಹತ್ತಿರ ಇದ್ದರೆ ಹರಿದುಹಾಕು.

ಮೊದಲ ಎರಡು ದಿನ ನಾನು ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದೆ. ಅಲ್ಲಿ ಕುರ್ಚಿ ಇದ್ದದ್ದು ಒಂದೇ ಕಡೆ, ಇನ್ನೊಂದು ಕಡೆ ಔಷಧದ ಮೇಜು. ಕೈ ಹಿಡಿದುಕೊಂಡರೆ ಸುಮ್ಮನಿರುತ್ತಿದ್ದರು. ಮಾತಾಡಿಸಿದರೆ ಬಾಗಿಲ ಕಡೆ ನೋಡುತ್ತಿದ್ದರು. ಮೂರನೇ ದಿನ ಬೆಳಿಗ್ಗೆ ಒಬ್ಬ ದಾದಿ ಬಂದಳು. ಇವರು ಅವಳನ್ನು ಮೆಲ್ಲಗೆ ಕೇಳಿದರು, "ನಮ್ಮ ಮನೆಯವಳಿಗೆ ಹೇಳಿ ಕಳಿಸ್ತೀರಾ? ತುಂಬಾ ದಿನದಿಂದ ನನ್ನ ಹತ್ರ ಕೂರೋದೇ ಬಿಟ್ಟಿದ್ದಾಳೆ. ಊಟಕ್ಕೂ ಬರಲ್ಲ. ನಾನೇನು ತಪ್ಪು ಮಾಡಿದ್ನೋ ಗೊತ್ತಿಲ್ಲ." ಅವರ ಕೈ ನನ್ನ ಕೈಯಲ್ಲೇ ಇತ್ತು.

ಮನೆಯಲ್ಲಿ ಊಟಕ್ಕೆ ನಾನು ಕೂರುವುದು ಯಾವಾಗಲೂ ಇವರ ಎಡಗಡೆ, ಒಲೆ ಹತ್ತಿರ ಎಂದು. ತಿಂಗಳಿಗೂ ಮೇಲೆ ಇವರು ನನ್ನ ಮೇಲೆ ಮುನಿದಿದ್ದಾರೆ ಎಂದು ನಾನು ಎಣಿಸಿದ್ದೆ. ನಾನು ಇವರನ್ನು ಬಿಟ್ಟುಹೋಗಿದ್ದೇನೆ ಎಂದು ಇವರು ಎಣಿಸಿದ್ದರು.

ದಾದಿ ನನ್ನ ಮುಖ ನೋಡಿದಳು. ಔಷಧದ ಮೇಜನ್ನು ಆಚೆ ತಳ್ಳಿದಳು. ನಾನೆದ್ದು ಕುರ್ಚಿ ಎತ್ತಿಕೊಂಡು ಮಂಚ ಸುತ್ತಿ ಹೋಗಿ ಬಲಗಡೆ ಕೂತೆ. ಇವರ ಮುಖ ಅರಳಿತು.

"ಯಾವಾಗ ಬಂದೆ?" ಎಂದರು.

"ಈಗಷ್ಟೇ" ಎಂದೆ.

ನಿನ್ನ ಅತ್ತಿಗೆ